ಬಾವಿಗೆ ಬಿದ್ದ ಕಾಯಿ

ಬಟ್ಟೆಯ ತಾನನ್ನು ಅಂಗಡಿಯ ಬಾಗಿಲಿಗೆ ತಂದು, ಬೆಳಕಿಗೆ ಹಿಡಿದು, ಎಲ್ಲೋ ಒಂದು ಮೂಲೆಯಲ್ಲಿ ತಪ್ಪಿದ ಒಂದೇ ಒಂದು ಎಳೆಯನ್ನು ಉಗುರಿನಿಂದ ತೋರಿಸಿ ನೇಕಾರನ ಮುಖ ಬಾಡಿಸುತ್ತಿದ್ದ ನನ್ನ ಅಪ್ಪ, ಯಾರಾದರೂ ಪುಕ್ಕಟೆಯಾಗಿ ಕೊಟ್ಟದ್ದರಲ್ಲಿ ಜೀವಮಾನದಲ್ಲೇ ಒಂದು ಕುಂದು ಕಂಡವನಲ್ಲ. ಮೆತ್ತಗಾದ ಚಕ್ಕುಲಿ ಕೊಟ್ಟರೂ ‘ಭಾಳ ಛಲೋ ಆಗ್ಯಾವ್ರಿ’ ಎಂದು ಇನ್ನೊಂದಕ್ಕೆ ಕೈ ಚಾಚುತ್ತಿದ್ದ. ಎಪ್ಪತ್ತರ ದಶಕದ ಸೊಲ್ಲಾಪುರದಲ್ಲಿ ನಮ್ಮಂಥ ವ್ಯಾಪಾರಸ್ಥರ ಮನೆಗಳ ಸಭ್ಯತೆಯೇ ಹಾಗಿತ್ತು. ಆ ಸಭ್ಯತೆಯಿಂದಲೇ ನಾವು ಗಂಗಾ ಅತ್ಯಾಳ ಮನಸ್ಸು ಮುರಿದೆವು.

ಅತ್ಯಾ ಎಂದರೆ ಅಪ್ಪನ ಅಕ್ಕ. ಅಕ್ಕಲಕೋಟೆಯ ಹತ್ತಿರದ ಒಂದು ಒಕ್ಕಲು ಮನೆತನಕ್ಕೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ವಿಜಾಪುರ ರಸ್ತೆಯ ನಮ್ಮ ಮನೆಗೆ ಬಂದಳು. ನನಗಾಗ ಹದಿನಾಲ್ಕು ವರ್ಷ. ಅಂಗಡಿಯಲ್ಲಿ ಉಳಿದ ನಮೂನೆಯ ತುಂಡುಗಳನ್ನು ಜೋಡಿಸಿ ಅವಳು ಒಂದು ಆಟದ ಹಾಸು ಹೊಲಿದಳು. ಅದು ಪಗಡೆಯೂ ಅಲ್ಲ, ಚೌಕಾಬಾರವೂ ಅಲ್ಲ, ಪೂರ್ತಿ ಅವಳದೇ ಕಲ್ಪನೆ: ನಾಲ್ವರಿಗೆ ನಾಲ್ಕು ಹೊಲ, ಒಬ್ಬೊಬ್ಬರಿಗೆ ಒಂದೇ ಕಾಯಿ, ಹೊಲಗಳ ಸುತ್ತ ಒಂದು ದಾರಿ, ದಾರಿಯಲ್ಲಿ ತಿಳಿನೀಲಿ ತುಂಡಿನ ಒಂದು ಬಾವಿ. ಬಾವಿಗೆ ಬಿದ್ದ ಕಾಯಿ ಮೇಲೇಳಬೇಕಾದರೆ ಆರೂ ಕವಡೆಗಳು ಬಾಯಿ ಮೇಲಾಗಿ ಬೀಳಬೇಕು.

“ಇನ್ನಾ ಪೂರಾ ಆಗಿಲ್ಲ ಇದು,” ಎನ್ನುತ್ತಿದ್ದಳು. “ಅಂಗಡ್ಯಾಗ ಅರಿವಿ ನೋಡತೀರಲ್ಲ, ಹಂಗ ನೋಡ್ರಿ. ಎಲ್ಲಿ ತಪ್ಪೈತಿ ಹೇಳ್ರಿ.”

ತಪ್ಪು ಮೊದಲ ದಿನವೇ ನಮಗೆ ಗೊತ್ತಾಗಿತ್ತು. ಆರೂ ಕವಡೆ ಹಾಗೆ ಬೀಳುವುದು ತೀರ ಅಪರೂಪ. ಬಾವಿಗೆ ಬಿದ್ದವರು ಮಧ್ಯಾಹ್ನವಿಡೀ ಅಲ್ಲೇ ಕೂತು ಉಳಿದವರ ಆಟ ನೋಡಬೇಕು. ಅವ್ವ ಎರಡು ಸಲ ಹಾಗೆ ಕೂತಳು, ಕಾಯಿಯನ್ನು ಬೆರಳಲ್ಲಿ ಹೊರಳಿಸುತ್ತ. ಕೊನೆಗೆ “ಭಾಳ ಚಂದ ಐತ್ರಿ ಅಕ್ಕಾರ” ಎಂದಳು. ಅಪ್ಪ “ಏಕದಂ ಮಸ್ತ” ಎಂದ. ನಾನೂ ತಲೆಯಾಡಿಸಿದೆ. ಅತ್ಯಾ ಅಡಿಗೆಮನೆಗೆ ಹೋದಳೆಂದರೆ ನಾವು ಬರೀ ಮೂರು ಬಿದ್ದರೂ ಕಾಯಿಯನ್ನು ಮೇಲೆತ್ತುತ್ತಿದ್ದೆವು, ಆಗ ಆಟ ನಿಜಕ್ಕೂ ರಂಗೇರುತ್ತಿತ್ತು. ಅವಳ ಹೆಜ್ಜೆ ಕೇಳಿಸಿದೊಡನೆ ಕಾಯಿ ಮತ್ತೆ ಬಾವಿಗೆ. ನಮ್ಮ ಪ್ರೀತಿ ಅಷ್ಟು ಜಾಣತನದ್ದಾಗಿತ್ತು, ನೋಡಿ.

ಮಾರುವವನಿಗೆ ತನ್ನ ಸರಕಿನ ಗುಣ ತಿಳಿಯಲು ಯಾರೂ ಬಾಯಿ ಬಿಡಬೇಕಿಲ್ಲ; ಗಿರಾಕಿ ಎದುರಿನ ಅಂಗಡಿ ಹತ್ತಿದರೆ ಸಾಕು. ಪುಕ್ಕಟೆ ಕೊಡುವವರಿಗೆ ಆ ದಾರಿಯೂ ಇಲ್ಲ. ಅವರು ಕಟ್ಟುತ್ತಿರುವ ಆಟಕ್ಕೆ ಪ್ರತಿಯಾಗಿ ನಾವು ಕೊಡಬಹುದಾದದ್ದು ಆಡಿದವರ ಅನುಭವವೊಂದನ್ನೇ: ಈ ದಾರಿ ಸೊಗಸಾಗಿದೆ, ಈ ಮನೆಯಲ್ಲಿ ಬೇಸರ ಬಂತು, ಈ ನಿಯಮವನ್ನು ಕೊಂಚ ಸಡಿಲಿಸಿದರೆ ಹೇಗೆ, ಎಂದು. ಕೆಲಸ ಇನ್ನೂ ಕೈಯಲ್ಲಿರುವಾಗಲೇ ಅದನ್ನು ಹೇಳಬೇಕು, ಆಮೇಲೆ ಹೇಳಿದರೆ ಅದು ಬರಿಯ ಚುಚ್ಚುಮಾತು. ಅತ್ಯಾಳ ಆಟದಲ್ಲಿ ಒಂದು ಹೊಲಿಗೆಯನ್ನೂ ಬಿಚ್ಚಬೇಕಿರಲಿಲ್ಲ, ಆರು ಎಂಬಲ್ಲಿ ಮೂರು ಎಂದಿದ್ದರೆ ಮುಗಿಯುತ್ತಿತ್ತು. ಆ ಒಂದು ಮಾತನ್ನು ನುಂಗಿಕೊಂಡದ್ದನ್ನು ನಾವು ಸೌಜನ್ಯವೆಂದುಕೊಂಡಿದ್ದೆವು. ನನಗೀಗ ಅದು ಜಿಪುಣತನವೆನಿಸುತ್ತದೆ.

ನಮ್ಮ ಹೊಗಳಿಕೆಯನ್ನು ನಂಬಿ ಅತ್ಯಾ ತಿಂಗಳುಗಟ್ಟಲೆ ಕೂತು ಅಂಥವೇ ಹಾಸುಗಳನ್ನು ಹೊಲಿದಳು. ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಬಂದ ಮುತ್ತೈದೆಯರಿಗೆ ಅವ್ವ ಅವನ್ನೇ ವಾಣವೆಂದು, ಹಬ್ಬದ ಉಡುಗೊರೆಯೆಂದು, ಹಂಚಿದಳು. ಗಂಡನಿಲ್ಲದ ಅತ್ಯಾ ಆ ಸಾಲಿನಲ್ಲಿ ಕೂರುವಂತಿರಲಿಲ್ಲ. ಒಳಕೋಣೆಯ ಬಾಗಿಲ ಸಂದಿಯಿಂದ ತನ್ನ ಕೈಗೆಲಸ ಒಬ್ಬೊಬ್ಬರ ಉಡಿ ಸೇರುವುದನ್ನು ನೋಡಿದಳು. ತನ್ನನ್ನು ಕರೆಯದ ಮನೆಗಳಿಗೆಲ್ಲ ತನ್ನ ಆಟ ಹೋಗುತ್ತದೆಂಬ ಆ ದಿನದ ಅವಳ ಸಂತೋಷವನ್ನು ನಾನು ಮತ್ತೆಂದೂ ನೋಡಲಿಲ್ಲ.

ಮರುವರ್ಷ ಅವ್ವನಿಗೆ ಬೇರೊಂದು ಮನೆಯಲ್ಲಿ ಸಿಕ್ಕ ವಾಣವನ್ನು ಬಿಚ್ಚಿದರೆ, ಅದು ಅತ್ಯಾಳದೇ ಹಾಸು. ಎಷ್ಟು ಕೈ ದಾಟಿ ಬಂದಿತ್ತೋ, ಕೊಟ್ಟವರಿಗೆ ಅದು ಹುಟ್ಟಿದ ಮನೆ ಯಾವುದೆಂದು ತಿಳಿದಿರಲಿಕ್ಕಿಲ್ಲ. ಅವ್ವ ಬಚ್ಚಿಡುವಷ್ಟರಲ್ಲಿ ಅತ್ಯಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಹೊಲಗಳೆಲ್ಲ ಹೊಸದರಂತೆಯೇ ಇದ್ದವು. ಬಾವಿಯ ತಿಳಿನೀಲಿ ತುಂಡು ಮಾತ್ರ, ಅಲ್ಲಿ ಕೂತವರು ಬೇಸರಕ್ಕೆ ಕಾಯಿ ಉಜ್ಜಿ ಉಜ್ಜಿ, ಮಾಸಿತ್ತು.

“ಇಲ್ಲಿ ಬಿದ್ದವ್ರು ಏಳೂದ ಇಲ್ಲೇನು?” ನನ್ನನ್ನು ಕೇಳಿದಳು.

ಸುಳ್ಳು ಹೇಳಲಾಗಲಿಲ್ಲ. “ಮೂರ ಬಿದ್ರ ಎಬ್ಬಸ್ತೀವಿ ಅತ್ಯಾ. ನೀ ಇಲ್ಲದಾಗ.”

“ನಾ ಇಲ್ಲದಾಗ,” ಎಂದು ಅವಳು ಹಾಸನ್ನು ನಿಧಾನವಾಗಿ ಮಡಚಿದಳು. “ಅಂದ್ರ ಎಲ್ಲಾರಿಗೂ ಗೊತ್ತಿತ್ತು. ಪಾಪ, ಏನರ ಮಾಡಕೋತ ಕೂಡ್ಲಿ ಬಿಡು ಅಂದ್ರಿ. ಹೌದಿಲ್ಲೊ?”

ಅಲ್ಲ, ಪ್ರೀತಿಯಿಂದ ಸುಮ್ಮನಿದ್ದೆವು ಎನ್ನಬೇಕೆಂದಿದ್ದೆ. ಆದರೆ ಅಪ್ಪ ನೇಕಾರರ ಕೆಲಸವನ್ನು ಕೆಲಸವೆಂದು ತಿಳಿದೇ ಅದರಲ್ಲಿ ತಪ್ಪಿದ ಎಳೆ ಹುಡುಕುತ್ತಿದ್ದ. ಅಕ್ಕನ ಹಾಸಿನಲ್ಲಿ ಹುಡುಕಿರಲೇ ಇಲ್ಲ. ಅವಳೆಂದದ್ದು ನಿಜವೆಂದು ನನಗೆ ನಿಂತಲ್ಲೇ ಹೊಳೆಯಿತು.

ಅತ್ಯಾ ಆಮೇಲೆ ಬಹಳ ವರ್ಷ ಬದುಕಿದಳು, ನಮ್ಮೊಡನೆ ನಕ್ಕಳು, ನನ್ನ ಮಕ್ಕಳಿಗೆ ಕುಲಾವಿ ಹೊಲಿದುಕೊಟ್ಟಳು. ಯಾವುದನ್ನೂ ಹೇಗಿದೆ ಎಂದು ಕೇಳಲಿಲ್ಲ. ನಾವಾಗಿಯೇ ಚೆನ್ನಾಗಿದೆ ಎಂದರೆ, “ಹೂಂ” ಎಂದು ಸೂಜಿಗೆ ದಾರ ಪೋಣಿಸುತ್ತಿದ್ದಳು.