ಸಯಾಂಗ್ ಅಂದಳು ಅವಳು

ತೊಂಬತ್ತರ ದಶಕದ ನಡುವಿನಲ್ಲಿ ನಾವು ಗಲ್ಫ್‌ನಲ್ಲಿದ್ದಾಗಿನ ಮಾತು. ನನ್ನ ಗಂಡ ಮೆಸಯೀದ್‌ನ ಕಾರ್ಖಾನೆಯಲ್ಲಿದ್ದರು. ನಾನು ಅಲ್ ಸದ್ದ್‌ನ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಶನಿಸ್ಟ್ ಆಗಿದ್ದೆ. ಗಂಡನ ಜೊತೆ ಕೆಲಸ ಮಾಡುತ್ತಿದ್ದ ಫಿಲಿಪೀನ್ಸ್‌ನ ಟೆಕ್ನಿಷಿಯನ್ ಒಬ್ಬ ದವಡೆ ಊದಿಸಿಕೊಂಡು ನಮ್ಮಲ್ಲಿಗೆ ಬಂದ. ಬಾಯಿ ತೆರೆದು ಒರಗಿದವನ ಮುಖದ ಮೇಲೆ ದೀಪ ಸರಿಪಡಿಸಿದವಳು ನಮ್ಮ ನರ್ಸ್, ಇಂಡೋನೇಷ್ಯಾದ ಹುಡುಗಿ. ಹಲ್ಲಿನ ಜೊತೆ ಅವನ ಹೃದಯವೂ ಅಲ್ಲೇ ಕಿತ್ತುಹೋಯಿತು. ಆಮೇಲೆ ಗಟ್ಟಿಯಾಗಿದ್ದ ಹಲ್ಲುಗಳೆಲ್ಲ ಸರದಿಯ ಮೇಲೆ ನೋಯತೊಡಗಿದವು. ಡಾಕ್ಟರಿಗೆ ರೇಗತೊಡಗಿದಾಗ ನಾನೇ ಕನಿಕರಪಟ್ಟು ಇಬ್ಬರನ್ನೂ ಶುಕ್ರವಾರದ ಊಟಕ್ಕೆ ಮನೆಗೆ ಕರೆಯಲು ಶುರುಮಾಡಿದೆ.

ಅವಳ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಇಬ್ಬರ ಭಾಷೆಗಳೂ ದೂರದ ಸಂಬಂಧಿಕರು. ಕಣ್ಣಿಗೆ ಇಬ್ಬರೂ ‘ಮತಾ’ ಅನ್ನುತ್ತಿದ್ದರು, ಆಕಾಶಕ್ಕೆ ‘ಲಾಂಗಿತ್’, ಮಗುವಿಗೆ ‘ಅನಾಕ್’. ಒಂದೊಂದು ಪದ ಹೊಂದಿದಾಗಲೂ ನೀರ್‌ದೋಸೆ ಕೈಯಲ್ಲಿ ಹಿಡಿದು ಕುಣಿಯುವುದೊಂದು ಬಾಕಿ. ನಾವೂ ಆಸೆಯಿಂದ ತುಳು ಪದಗಳನ್ನು ಎಸೆದು ನೋಡಿದೆವು, ಒಂದೂ ಗಿಟ್ಟಲಿಲ್ಲ. ಅವರಿಬ್ಬರ ಪದಗಳಲ್ಲಿ ‘ಬುಂಗಾ’ ಮಾತ್ರ ಅವಳಿಗೆ ಹೂವು, ಅವನಿಗೆ ಹಣ್ಣು. ಅದಕ್ಕೂ ಹೊಟ್ಟೆ ಹಿಡಿದು ನಕ್ಕೆವು. ಎಚ್ಚರವಾಗಬೇಕಿದ್ದದ್ದು ಅಲ್ಲೇ.

ಒಂದು ಶುಕ್ರವಾರ ಅವನು ಕೋಳಿಸಾರಿಗೆ ಕೈಯನ್ನೇ ಹಾಕಲಿಲ್ಲ. ಊಟವಾದ ಮೇಲೆ ಅವಳು ನನ್ನ ಜೊತೆ ಪಾತ್ರೆ ತೊಳೆಯುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ನಾನಿದ್ದೇನೆ ಎನ್ನುವುದೂ ಅವನಿಗೆ ಮರೆತಿತ್ತು. ನೀನೆಂದರೆ ನನಗೆ ಪ್ರೀತಿ, ಮದುವೆಯಾಗೋಣ ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿಬಿಟ್ಟ. ಅವಳ ಮುಖ ಕೆಂಪಾಯಿತು. ಕಣ್ಣು ತುಂಬಿತು. ಸೋಪಿನ ನೊರೆಯ ಕೈಯನ್ನು ಎದೆಗೊತ್ತಿಕೊಂಡು ಮೆಲ್ಲಗೆ, “ಸಯಾಂಗ್” ಅಂದಳು.

ಅವನು ಬಿಳಿಚಿಕೊಂಡ. ಸಾರಿ ಎಂದು ಗೊಣಗಿ, ಶೂಗಳನ್ನು ಕಾಲಿಗೆ ಹಾಕಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದುಹೋದ.

ನನ್ನ ಗಂಡ ಲುಂಗಿಯಲ್ಲೇ ಅವನ ಹಿಂದೆ ಓಡಿದರು. ಅವಳು ನಲ್ಲಿಯ ಮುಂದೆ ಬೆಪ್ಪಾಗಿ ನಿಂತಳು. ನಾನು ಧೈರ್ಯ ಹೇಳಿದೆ; ನೀನು ಸಾಯಂಕಾಲ ಬಾ ಅಂದೆಯಲ್ಲ, ಬಂದೇ ಬರುತ್ತಾನೆ ಅಂದೆ. ನನ್ನ ಕಿವಿಗೆ ಬಿದ್ದದ್ದು ಹಾಗೆ. ಅವಳು ನನ್ನನ್ನು ಇನ್ನೂ ಬೆಪ್ಪಾಗಿ ನೋಡಿದಳು.

ಸ್ವಲ್ಪ ಹೊತ್ತಿಗೆ ಗಂಡ ಏದುಸಿರು ಬಿಡುತ್ತ ಬಂದರು. “ಎಂತ ಹೇಳಿದ್ದು ಮಾರಾಯ್ತಿ ಇವಳು? ಅವ ಕೆಳಗೆ ಮೆಟ್ಟಿಲಲ್ಲಿ ಕೂತು ಅಳ್ತಾ ಇದ್ದಾನೆ. ಅವರ ಭಾಷೆಯಲ್ಲಿ ಅದಕ್ಕೆ ಅಯ್ಯೋ, ವೇಸ್ಟ್ ಆಯ್ತಲ್ಲ ಅಂತ ಅರ್ಥವಂತೆ. ಹಾಲು ಚೆಲ್ಲಿದ್ರೆ ಹೇಳುವ ಮಾತಂತೆ ಅದು.”

ನಾನು ಅದನ್ನು ಅವಳಿಗೆ ತಿಳಿಸಿದೆ. ಅವಳಿಂದ ಮೊದಲು ಒಂದು ಕಿರುಚು, ಆಮೇಲೆ ನಗು, ಆಮೇಲೆ ಅಳು. ನೊರೆಯ ಕೈಯಲ್ಲೇ ಮೆಟ್ಟಿಲಿಳಿದು ಓಡಿದಳು. ಹಿಂದೆ ನಾವಿಬ್ಬರು. ಸದ್ದಿಗೆ ಕೆಳಗಿನ ಮನೆಯ ಮಲಯಾಳಿ ಅಕ್ಕ, ನಮ್ಮ ಚೇಚಿಯೂ ಬಾಗಿಲು ತೆರೆದರು.

ನಮ್ಮ ಭಾಷೆಯಲ್ಲಿ ಅತ್ಯಂತ ಪ್ರೀತಿಯವರನ್ನು ಹಾಗೆ ಕರೆಯುತ್ತೇವೆ, ಅಮ್ಮ ನನ್ನನ್ನು ಕರೆಯುವುದೂ ಹಾಗೇ ಎಂದು ಅವಳು ತನ್ನ ಮುರುಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹುಡುಗಿ ಪ್ರಾಮಾಣಿಕಳು. ಏನಾದರೂ ಹಾಳಾದರೂ ನಾವು ಅದನ್ನೇ ಅನ್ನುವುದುಂಟು ಎಂದೂ ಸೇರಿಸಿದಳು.

ಅವನು ಮೂಗೊರೆಸಿಕೊಂಡು ಕೇಳಿದ: “ಹಾಗಾದರೆ ನನಗೆ ಹೇಳಿದ್ದು ಯಾವುದು?”

“ಮೊದಲನೆಯದು,” ಅಂದಳು. “ಎರಡನೆಯದನ್ನು ಮದುವೆಯಾದ ಮೇಲೆ ನೋಡೋಣ.”

ಚೇಚಿಗೆ ಒಂದಕ್ಷರ ಅರ್ಥವಾಗದಿದ್ದರೂ ಚಪ್ಪಾಳೆ ತಟ್ಟಿದ್ದು ಅವರೇ ಮೊದಲು. ಮೇಲೆ ಬಂದು ನಾನು ಮತ್ತೆ ಕಾವಲಿ ಕಾಯಿಸಿದೆ. ಬೆಳಗಿನಿಂದ ಹಸಿದಿದ್ದವನು ಹಿಟ್ಟು ಖಲಾಸ್ ಆಗುವವರೆಗೆ ದೋಸೆ ತಿಂದ.

ಇಬ್ಬರೂ ಕ್ರೈಸ್ತರೇ, ಆ ತಕರಾರಿರಲಿಲ್ಲ. ನಿಶ್ಚಯವಾದ ಮೇಲೆ ಅವನು ಅವಳನ್ನು ಫೋನಿನಲ್ಲಿ ತನ್ನ ತಾಯಿಯೊಡನೆ ಮಾತಾಡಿಸಿದ. ಮದುವೆಯಾಗಿ ಮರಳಿ ಅಲ್ ಗರಾಫಾದಲ್ಲಿ ಮನೆ ಮಾಡಿದ ಮೇಲೆ ಅವನೇ ಹೇಳಿದ್ದು: ಪ್ರೀತಿ ಉಕ್ಕಿ ಬಂದು ಅತ್ತೆಗೂ ಅವಳು ಅದೇ ಪದ ಅಂದಳಂತೆ. ಆ ಕಡೆಗೆ ಅದು ತಲುಪಿದ್ದು ಹಾಲು ಚೆಲ್ಲಿದ ಅರ್ಥದಲ್ಲೇ. ಆಮೇಲೆ ಆ ತಾಯಿ ಮಗನನ್ನು ಕರೆದು, ಹುಡುಗಿ ಒಳ್ಳೆಯವಳು, ನಿನ್ನ ವಿಷಯ ಈಗಲೇ ಅವಳಿಗೆ ಗೊತ್ತಾಗಿದೆ ಅಂದರಂತೆ.