ಭಿನ್ನರಾಶಿಗೆ ಕರಿದ ಹಪ್ಪಳ

ಅಕ್ಕ ಮನೆ ತುಂಬ ಓಡಾಡಿಕೊಂಡಿದ್ದ ಕೊನೆಯ ದಿನ ಅದು. ಕುಂಬಾರಕೊಪ್ಪಲಿನ ಮನೆಯಲ್ಲಿ ಇದ್ದವರು ನಾವಿಬ್ಬರೇ. ನಾನು ಉಪಾಧ್ಯಾಯರ ತರಬೇತಿಯಲ್ಲಿದ್ದೆ. ಮರುದಿನ ಪರೀಕ್ಷಕರ ಮುಂದೆ ಭಿನ್ನರಾಶಿಯ ಪಾಠ ಮಾಡಬೇಕಿತ್ತು. ಪಾಸಾದರೆ ಮಾತ್ರ ಕೆಲಸ. ಬಾಯಲ್ಲಿ ಹೇಳಿದರೆ ಸಾಲದು, ಮಕ್ಕಳ ಕೈಗೆ ವಸ್ತು ಕೊಟ್ಟೇ ಕಲಿಸಬೇಕು ಎಂದಿದ್ದರು.

ಉದ್ದಿನ ಹಪ್ಪಳ ಲಟ್ಟಿಸಿ, ಹಸಿಯಿದ್ದಾಗಲೇ ಕೆಲವನ್ನು ಅರ್ಧ, ಕಾಲು ಎಂದು ಕತ್ತರಿಸಿ ಒಣಗಿಸಿದ್ದೆ. ನಾಲ್ಕು ಕಾಲು ಜೋಡಿಸಿದರೆ ಇಡೀ ಹಪ್ಪಳದ ಮೇಲೆ ಅಚ್ಚುಕಟ್ಟಾಗಿ ಕೂರುತ್ತಿದ್ದವು. ಆ ಹಿಗ್ಗಿನಲ್ಲೇ ಬೀದಿ ನಲ್ಲಿಗೆ ಹೋಗಿ ಬರುವಷ್ಟರಲ್ಲಿ ಅಕ್ಕ ಎಲ್ಲವನ್ನೂ ಕರಿದಿಟ್ಟಿದ್ದಳು. ಮಕ್ಕಳ ಕೈಗೆ ಹಪ್ಪಳ ಕೊಟ್ಟು ತಿನ್ನಬೇಡಿ ಅನ್ನುವುದು ಪಾಪವಂತೆ. ಇಡೀ ಹಪ್ಪಳಗಳು ದೊನ್ನೆಯ ಹಾಗೆ ಮುದುಡಿದ್ದವು, ಕಾಲು ಹಪ್ಪಳಗಳು ಸೊಟ್ಟಸೊಟ್ಟಗೆ ಅರಳಿದ್ದವು. ಈಗ ನಾಲ್ಕು ಕಾಲು ಸೇರಿ ಒಂದೂವರೆ.

“ಆಗ್ಲಿ ಬುಡೇ, ಮಕ್ಳಿಗೆ ಜಾಸ್ತಿ ಸಿಕ್ತದೆ.”

ಸಿಟ್ಟು ನುಂಗಿ ಅವಳನ್ನೇ ವಿದ್ಯಾರ್ಥಿಯಾಗಿ ಕೂರಿಸಿ ಅಭ್ಯಾಸಕ್ಕೆ ತೊಡಗಿದೆ. ಒಂದು ಹಪ್ಪಳದಲ್ಲಿ ಅರ್ಧ ತಿಂದರೆ ಎಷ್ಟು ಉಳಿಯುತ್ತದೆ ಎಂದು ಕೇಳಿದೆ.

“ಅರ್ಧ ತಿಂದು ಯಾರ್ ಎದ್ದೋಯ್ತಾರೆ? ಏನೂ ಉಳಿಯಕ್ಕಿಲ್ಲ ಕಣೇ.”

ಬೇರೆ ದಾರಿಯಿಲ್ಲದೆ ಮರುದಿನ ಅದೇ ಡಬ್ಬಿ ಹಿಡಿದು ಹೋದೆ. ಮಕ್ಕಳು ಜೋಡಿಸಿ ನೋಡಿ, ಹೆಚ್ಚಾಯಿತು ಎಂದರು. ಹೆಚ್ಚಾದದ್ದನ್ನು ತೆಗೆಯಿರಿ ಎಂದುಬಿಟ್ಟೆ. ಕೈಯಲ್ಲಿ ಮುರಿಯುತ್ತಾರೆ ಅಂದುಕೊಂಡಿದ್ದೆ, ಹಲ್ಲಿನಿಂದ ಕಚ್ಚತೊಡಗಿದರು. ಕಚ್ಚುವುದು, ಇಟ್ಟು ನೋಡುವುದು, ಮತ್ತೆ ಕಚ್ಚುವುದು. ಮಡಿವಂತ ಪರೀಕ್ಷಕರು ಎಂಜಲು ತಾಗೀತೆಂದು ಪಂಚೆ ಎತ್ತಿ ಹಿಡಿದು ಗೋಡೆಗೆ ಅಂಟಿಕೊಂಡರು. ಕೊನೆಗೆ ಒಬ್ಬ ಹುಡುಗಿಯ ನಾಲ್ಕೂ ತುಂಡು ಸರಿಯಾಗಿ ಕೂತವು.

“ನಾಲ್ಕೂ ಒಂದೇ ಸಮ ಇದ್ರೆ ತಾನೆ ಮಿಸ್, ಕಾಲು ಅನ್ನೋದು?” ಎಂದಳು, ಬಾಯಿ ತುಂಬ ಹಪ್ಪಳ.

ಇದು ಯಾವ ಪದ್ಧತಿಯಮ್ಮ ಎಂದು ಪರೀಕ್ಷಕರು ಗೋಡೆಯ ಬಳಿಯಿಂದಲೇ ಕೇಳಿದರು. ನಮ್ಮಕ್ಕನ ಪದ್ಧತಿ ಎಂದೆ. ಪಾಸು ಮಾಡಿದರು.

ಓಡುತ್ತಾ ಮನೆಗೆ ಬಂದೆ. ಬಾಗಿಲಲ್ಲಿ ಪಕ್ಕದ ಮನೆಯವರು ನಿಂತಿದ್ದರು. ಅಕ್ಕ ಒಲೆಯ ಮುಂದೆ ಕುಸಿದು ಬಿದ್ದಿದ್ದಳಂತೆ, ಜಟಕಾದಲ್ಲಿ ಆಸ್ಪತ್ರೆಗೆ ಸಾಗಿಸಿದ್ದರು. ಅವಳಿಗೆ ಮತ್ತೆ ಎಚ್ಚರವಾಗಲಿಲ್ಲ.

ಆಮೇಲೆ ಎಷ್ಟೋ ಜನಕ್ಕೆ ಆ ಪಾಠದ ಕಥೆ ಹೇಳಿದ್ದೇನೆ. ಎಲ್ಲರೂ ನಕ್ಕಿದ್ದಾರೆ. ಅಕ್ಕ ಅದನ್ನು ಕೇಳಲಿಲ್ಲ.