ಹಸಿರು ಟವಲ್ಲಿಗೆ ಇಳಿದ ಹಕ್ಕಿ

ಎಪ್ಪತ್ತರ ದಶಕದಲ್ಲಿ ನಮ್ಮ ಯಜಮಾನರು ದುರ್ಗದ ಮನೆಯ ಮಾಳಿಗೆ ಮೇಲೆ ಪಂದ್ಯದ ಪಾರಿವಾಳ ಸಾಕಿದ್ದರು. ನನ್ನನ್ನು ಒಂದು ದಿನವೂ ಪ್ರೀತಿಯಿಂದ ಕೂಗದವರು ಅವುಗಳಲ್ಲೊಂದು ಬಿಳಿ ಹೆಣ್ಣುಹಕ್ಕಿಯನ್ನು, "ಬಾರವ್ವ, ನನ್ ಬಂಗಾರಿ" ಎಂದು ಕರೆಯುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಉರಿಯುತ್ತಲೇ ಪಳಗಿಸುವುದನ್ನು ನೋಡಿ ಕಲಿತೆ. ಹಾರಿಸುವ ಮುಂಚೆ ಕಾಳು ಹಾಕಬಾರದು. ಮರಳಿ ಬಂದಾಗ ಡಬ್ಬಿ ಅಲ್ಲಾಡಿಸಿ ಜೋಳ ಕೊಡಬೇಕು. ಮೇಲಿನಿಂದ ಹಿಡಿಯಹೋದರೆ ಬೆದರುತ್ತದೆ, ಅಂಗೈಯನ್ನು ಕೆಳಗಿನಿಂದ ಒಡ್ಡಬೇಕು.

ಪಂದ್ಯದ ದಿನ ಅವರೇ ಬುಟ್ಟಿ ಹಿಡಿದು ಹಿರಿಯೂರಿಗೆ ಹೋಗಿ ಆ ಹಕ್ಕಿಯನ್ನು ಬಿಟ್ಟರು. ಅವರ ಬಸ್ಸು ಬರುವ ಮೊದಲೇ ಅದು ಬಂದು ಮಾಳಿಗೆಯ ಅಂಚಿನಲ್ಲಿ ಕೂತಿತು. ಎಷ್ಟು ಬೇಗ ಹಾರಿ ಬಂದರೇನು, ಮನೆಯಲ್ಲಿದ್ದವರ ಕೈಗೆ ಸಿಗದಿದ್ದರೆ ಸೋತ ಹಾಗೆ. ನಾನು ಡಬ್ಬಿ ಅಲ್ಲಾಡಿಸಿದೆ. ಅದು ಕತ್ತು ತಿರುಗಿಸಿಕೊಂಡಿತು.

ತೀರ್ಪಿಗೆ ಕೂತಿದ್ದ ಪಕ್ಕದ ಮನೆಯ ಅಜ್ಜ, "ಅದಕ್ಕೆ ನಿನ್ ಗಂಡ ಒಬ್ನೇ ಗೊತ್ತು ಕಣವ್ವ" ಎಂದು ನಕ್ಕರು.

ಕಾಳು ಹಾಕುವಾಗ ಯಜಮಾನರು ಹೊದೆಯುತ್ತಿದ್ದ ಹಸಿರು ಟವಲ್ಲು ಗೂಟದಲ್ಲಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಕರೆದೆ. ಹಕ್ಕಿ ಇಳಿದು ನನ್ನ ಅಂಗೈ ಮೇಲೆ ಕೂತಿತು. ಪಂದ್ಯ ನಮ್ಮದಾಯಿತು.

ಬಸ್ಸಿಳಿದು ಬಂದವರಿಗೆ ಸುದ್ದಿ ಹೇಳಿದೆ. "ನಿನ್ ಕೈಗೆ ಬಂತಾ?" ಎಂದು ಕೇಳಿದ ಅವರ ಮುಖ ಗೆದ್ದವರ ಮುಖದ ಹಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಗೂಟ ತಡಕುತ್ತ ಕೂಗಿದರು: "ಲೇ, ನನ್ ಟವಲ್ ಎಲ್ಲೈತೆ?"

"ನನ್ ಹೆಗಲ ಮೇಲೈತೆ. ಕಾಳು ನಾನೇ ಹಾಕ್ತೀನಿ, ನೀವು ಕುಂತ್ಕಳ್ರಿ" ಎಂದು ಮಾಳಿಗೆಯಿಂದಲೇ ಹೇಳಿದೆ.